ಲಿಥಿಯಂ ಸೆಲ್ಲೂ ಅದನ್ನು ಕಟ್ಟುವ ಕೈಯೂ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಬಿಡಿಭಾಗಗಳನ್ನು ಮಾರುವ ಯಾವುದಾದರೊಂದು ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿದವರಿಗೆ, ತಂತಿಯ ಸುರುಳಿ, ಸ್ವಿಚ್ಚು, ಪುಟ್ಟ ಮೋಟಾರು, ಎಲ್‌ಇಡಿ ಪಟ್ಟಿಗಳ ನಡುವೆ, ನೀಲಿ, ಹಸಿರು, ನೇರಿಳೆ ಬಣ್ಣದ ಪ್ಲಾಸ್ಟಿಕ್ ಹೊದಿಕೆಯ ಸಣ್ಣ ಸಿಲಿಂಡರುಗಳು ಟ್ರೇಗಳಲ್ಲಿ ಸಾಲಾಗಿ ನಿಂತಿರುವುದು ಕಾಣದೆ ಇರದು. 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದ. ಈ ಅಳತೆಯೇ ಅದರ ಹೆಸರೂ ಆಗಿ, ವ್ಯಾಪಾರದವರ ಬಾಯಲ್ಲಿ ಅದು 18650 ಸೆಲ್ಲು ಎನಿಸಿಕೊಂಡಿದೆ. ಕಾಲೇಜಿನ ಪ್ರಾಜೆಕ್ಟಿಗೆಂದು ಬಂದ ವಿದ್ಯಾರ್ಥಿಯೂ, ಟಾರ್ಚು ರಿಪೇರಿ ಮಾಡುವವನೂ, ಔಷಧಿ ಸಿಂಪಡಿಸುವ ಸ್ಪ್ರೇಯರಿಗೆ ಹೊಸ ಬ್ಯಾಟರಿ ಹಾಕಿಕೊಡುವ ಮೆಕ್ಯಾನಿಕ್ಕೂ, ಸ್ಕೂಟರಿನ ಪ್ಯಾಕ್ ಕಟ್ಟುವ ಸಣ್ಣ ಉದ್ದಿಮೆದಾರನೂ ಅದನ್ನೇ ಕೊಂಡೊಯ್ಯುತ್ತಾರೆ. ಕೊಳ್ಳುವವನನ್ನು ಇದು ಎಲ್ಲಿಗೆ, ಏತಕ್ಕೆ ಎಂದು ಕೇಳುವ ಪರಿಪಾಠವಿಲ್ಲ. ಗೋಡೆಗಡಿಯಾರದ ಸೆಲ್ಲಿಗೂ ಇದಕ್ಕೂ ಇರುವ ವ್ಯತ್ಯಾಸ ಗಾತ್ರದ್ದಷ್ಟೇ ಎಂಬ ಭಾವನೆ ಕೊಡುವವನಲ್ಲಿಯೂ ಕೊಳ್ಳುವವನಲ್ಲಿಯೂ ಸಮನಾಗಿ ನೆಲೆಸಿರುವಂತೆ ತೋರುತ್ತದೆ.

ಈ ಭಾವನೆ ಸರಿಯಲ್ಲ. ಬಿಡಿಯಾದ ಲಿಥಿಯಂ ಸೆಲ್ಲು ಪೂರ್ಣಗೊಂಡ ವಸ್ತುವೇ ಅಲ್ಲ. ತನ್ನನ್ನು ಕಾಯುವ ಸರ್ಕ್ಯೂಟಿನೊಡನೆ, ತನಗೆ ತಕ್ಕ ಚಾರ್ಜರಿನೊಡನೆ, ತನ್ನನ್ನು ಪೆಟ್ಟಿನಿಂದಲೂ ತೇವದಿಂದಲೂ ಬಿಸಿಯಿಂದಲೂ ರಕ್ಷಿಸುವ ಕವಚದೊಡನೆ ಸೇರಿದಾಗ ಮಾತ್ರ ಮನೆಯೊಳಗೆ ಬರಲು ಯೋಗ್ಯವಾಗತಕ್ಕ ಒಂದು ಅರೆಸಿದ್ಧ ಪದಾರ್ಥವದು. ಅಮೆರಿಕದ ಗ್ರಾಹಕ ವಸ್ತುಗಳ ಸುರಕ್ಷತಾ ಆಯೋಗವು 2021ರ ಜನವರಿಯಲ್ಲಿ, ಬಿಡಿ 18650 ಸೆಲ್ಲುಗಳನ್ನು ಜನಸಾಮಾನ್ಯರು ಕೊಳ್ಳಲೂ ಬಾರದು, ಬಳಸಲೂ ಬಾರದು ಎಂದು ಸ್ಪಷ್ಟವಾಗಿ ಎಚ್ಚರಿಸಿದುದು ಈ ಕಾರಣದಿಂದಲೇ. ಅವು ಮತ್ತೊಂದು ಪ್ಯಾಕಿನ ಅಂಗವಾಗಿ ಬಳಕೆಯಾಗಲೆಂದು ಕೈಗಾರಿಕೆಗಾಗಿ ತಯಾರಾದವು ಎಂಬುದನ್ನು ಆಯೋಗವು ಅಲ್ಲಿ ನೆನಪಿಸಿತು. ಆದುದರಿಂದ ಸೆಲ್ಲಿನ ಸುರಕ್ಷೆಯ ಪ್ರಶ್ನೆಯನ್ನು ಸೆಲ್ಲು ತಯಾರಿಸಿದ ದೂರದ ಕಾರ್ಖಾನೆಯ ತಲೆಗೆ ಕಟ್ಟಿ ನಾವು ಸುಮ್ಮನಾಗುವಂತಿಲ್ಲ. ಅದನ್ನು ಒಂದು ಬಳಕೆಯ ವಸ್ತುವಿನೊಳಗೆ ಇಡುವವನು ಯಾವನೋ ಅವನೇ ಆ ಹೊಣೆಯ ಮುಖ್ಯ ಪಾಲುದಾರ.

ಈ ಮಾತಿನ ತೂಕ ತಿಳಿಯಬೇಕಾದರೆ ಸೆಲ್ಲಿನ ಒಳಗನ್ನು ಕೊಂಚ ಹತ್ತಿರದಿಂದ ನೋಡಬೇಕು. ಉಕ್ಕಿನ ಆ ಪುಟ್ಟ ಡಬ್ಬಿಯೊಳಗೆ, ಲಿಥಿಯಂ ಸೇರಿದ ಲೋಹದ ಆಕ್ಸೈಡನ್ನು ಲೇಪಿಸಿದ ಅಲ್ಯೂಮಿನಿಯಂ ಹಾಳೆಯೊಂದೂ, ಗ್ರಾಫೈಟ್ ಲೇಪಿಸಿದ ತಾಮ್ರದ ಹಾಳೆಯೊಂದೂ, ಒಂದಕ್ಕೊಂದು ತಾಗದಂತೆ ನಡುವೆ ಪ್ಲಾಸ್ಟಿಕ್ಕಿನ ಸೂಕ್ಷ್ಮರಂಧ್ರಗಳ ಪೊರೆಯನ್ನು ಇಟ್ಟುಕೊಂಡು, ಚಾಪೆ ಸುತ್ತಿದಂತೆ ಬಿಗಿಯಾಗಿ ಸುತ್ತಿಕೊಂಡಿರುತ್ತವೆ. ಆ ಸುರುಳಿಯೆಲ್ಲ ಲಿಥಿಯಂ ಲವಣ ಕರಗಿದ ಒಂದು ದ್ರವದಲ್ಲಿ ನೆನೆದಿರುತ್ತದೆ. ಆ ದ್ರವ ನೀರಲ್ಲ, ಹೊತ್ತಿ ಉರಿಯುವ ಸಾವಯವ ದ್ರಾವಕ. ಧನಾಗ್ರವನ್ನೂ ಋಣಾಗ್ರವನ್ನೂ ಬೇರ್ಪಡಿಸಿರುವ ಪೊರೆಯ ದಪ್ಪ ಸುಮಾರು 20 ಮೈಕ್ರಾನ್, ಎಂದರೆ ಒಂದು ಮಿಲಿಮೀಟರಿನ ಐವತ್ತರಲ್ಲಿ ಒಂದಂಶ. ಈಚಿನ ಸೆಲ್ಲುಗಳಲ್ಲಿ ಅದಕ್ಕಿಂತಲೂ ಕಡಮೆ. ಇನ್ನು ಹೊರಗಡೆ, ಡಬ್ಬಿಯ ಇಡೀ ಮೈ ಋಣಾಗ್ರವೇ ಆಗಿದ್ದು, ಮೇಲ್ತುದಿಯ ಧನಾಗ್ರದ ಗುಂಡಿಗೂ ಅದಕ್ಕೂ ನಡುವೆ ಇರುವುದು ಪ್ಲಾಸ್ಟಿಕ್ಕಿನ ಒಂದು ಕಿರುಬಳೆ ಮಾತ್ರ. ಹೊದಿಕೆಯ ಅಂಚು ಹರಿದ ಅಂಥ ಸೆಲ್ಲನ್ನು ಬೀಗದ ಕೈಯೊಡನೆ ಜೇಬಿಗೆ ಹಾಕಿಕೊಂಡರೆ, ಆ ಬೀಗದ ಕೈಯೇ ಎರಡೂ ಅಗ್ರಗಳನ್ನು ಬೆಸೆಯಬಹುದು.

ಅಷ್ಟರಲ್ಲಿ ಅಡಗಿರುವ ಶಕ್ತಿಯಾದರೂ ಎಷ್ಟು? 2.5 ಆಂಪಿಯರ್-ಗಂಟೆಯ ಸಾಧಾರಣ ಸೆಲ್ಲೊಂದರಲ್ಲಿ, 3.6 ವೋಲ್ಟಿನ ಲೆಕ್ಕದಲ್ಲಿ, 9 ವಾಟ್-ಗಂಟೆಯ ಶಕ್ತಿ ಇರುತ್ತದೆ. ಸಣ್ಣ ಲೋಟದಷ್ಟು, ಎಂದರೆ 100 ಮಿಲಿಲೀಟರ್ ನೀರನ್ನು ನಮ್ಮ ಕೋಣೆಯ ಬಿಸುಪಿನಿಂದ ಕುದಿಯುವ ಮಟ್ಟಕ್ಕೆ ತರಲು ಅದು ಸಾಕು. ದಿನವಿಡೀ ಹನಿಹನಿಯಾಗಿ ಹೊರಬೀಳಬೇಕಾದ ಈ ಶಕ್ತಿ ಕೆಲವೇ ಸೆಕೆಂಡುಗಳಲ್ಲಿ ಒಳಗಿನಿಂದಲೇ ಬಿಡುಗಡೆಯಾದರೆ ಒದಗುವ ಸ್ಥಿತಿಗೆ ಇಂಜಿನಿಯರುಗಳು ಥರ್ಮಲ್ ರನ್‌ಅವೇ ಎನ್ನುತ್ತಾರೆ. ಒಳಗಿನ ಬಿಸಿ ಸುಮಾರು 90 ಡಿಗ್ರಿ ಸೆಲ್ಷಿಯಸ್ ದಾಟಿತೆಂದರೆ ಗ್ರಾಫೈಟಿನ ಮೇಲೆ ತಾನಾಗಿ ಕಟ್ಟಿಕೊಂಡಿರುವ ರಕ್ಷಾಪದರ ಒಡೆಯತೊಡಗುತ್ತದೆ, ಆ ಒಡೆತವೇ ಮತ್ತಷ್ಟು ಬಿಸಿಯನ್ನು ಹುಟ್ಟಿಸುತ್ತದೆ. 130ರ ಆಸುಪಾಸಿನಲ್ಲಿ ಪಾಲಿಥೀನಿನ ಪೊರೆ ಕರಗುತ್ತದೆ. ಇನ್ನೂ ಮೇಲೇರಿದಾಗ ಧನಾಗ್ರದ ಆಕ್ಸೈಡು ತನ್ನಲ್ಲಿರುವ ಆಮ್ಲಜನಕವನ್ನೇ ಬಿಟ್ಟುಕೊಡತೊಡಗುತ್ತದೆ. ಇಂಧನ, ಬಿಸಿ, ಆಮ್ಲಜನಕ ಮೂರೂ ಒಂದೇ ಡಬ್ಬಿಯೊಳಗೆ ಕೂಡಿದ ಮೇಲೆ, ಹೊರಗಿನಿಂದ ಗಾಳಿಯನ್ನು ತಡೆದು ಆ ಬೆಂಕಿಯನ್ನು ಆರಿಸುತ್ತೇವೆಂಬುದು ಸಾಧ್ಯವಾಗದ ಮಾತು. ಬೇಕಾದುದು ತಂಪು, ಎಂದರೆ ಧಾರಾಳವಾದ ನೀರು. ಅಗ್ನಿಶಾಮಕದವರು ಇಂಥ ಬೆಂಕಿ ಆರಿದ ಮೇಲೂ ಬಹಳ ಹೊತ್ತು ಕಾವಲಿರುವುದು ಅದು ಮತ್ತೆ ಹೊತ್ತಿಕೊಳ್ಳುವ ಸಂಭವ ಉಂಟೆಂದೇ. ಹೊರಬರುವ ಹೊಗೆಯಲ್ಲಿ ಹೈಡ್ರೋಜನ್, ಕಾರ್ಬನ್ ಮಾನಾಕ್ಸೈಡ್‌ಗಳ ಜತೆಗೆ ಶ್ವಾಸಕೋಶವನ್ನು ಸುಡುವ ಹೈಡ್ರೋಜನ್ ಫ್ಲೋರೈಡೂ ಇರುತ್ತದೆಂಬುದನ್ನು, ಬೆಂಕಿಗಿಂತ ಹೊಗೆಯೇ ಮೊದಲು ಪ್ರಾಣ ತೆಗೆಯುತ್ತದೆಂಬುದನ್ನು, ಮರೆಯಲಾಗದು.

ಇಷ್ಟನ್ನು ಓದಿದವರು ಈ ಸೆಲ್ಲನ್ನು ಒಂದು ದುಷ್ಟಸೃಷ್ಟಿಯೆಂದು ಭಾವಿಸಿದರೆ ಅದು ಅನ್ಯಾಯವಾದೀತು. ಏಕೆಂದರೆ ಲಿಥಿಯಂ-ಅಯಾನ್ ಸೆಲ್ಲು ಹುಟ್ಟಿದುದೇ ಸುರಕ್ಷೆಯ ಅನ್ವೇಷಣೆಯಲ್ಲಿ. 1970ರ ದಶಕದಲ್ಲಿ ಸ್ಟ್ಯಾನ್ಲಿ ವ್ಹಿಟಿಂಗ್‌ಹ್ಯಾಮ್ ಅವರು ಶುದ್ಧ ಲಿಥಿಯಂ ಲೋಹವನ್ನೇ ಋಣಾಗ್ರವಾಗಿಟ್ಟು ಕಟ್ಟಿದ ಬ್ಯಾಟರಿ ಶಕ್ತಿಯುತವಾಗಿದ್ದರೂ, ಪುನಃ ಪುನಃ ಚಾರ್ಜ್ ಆಗುವಾಗ ಲೋಹವು ಮುಳ್ಳುಮುಳ್ಳಾಗಿ ಬೆಳೆದು ಪೊರೆಯನ್ನು ಚುಚ್ಚುತ್ತಿತ್ತು. 1980ರಲ್ಲಿ ಜಾನ್ ಗುಡ್‌ಇನಫ್ ಅವರು ಕೋಬಾಲ್ಟ್ ಆಕ್ಸೈಡಿನ ಧನಾಗ್ರವನ್ನು ಕೊಟ್ಟರು. ಜಪಾನಿನ ಅಕಿರಾ ಯೋಶಿನೊ ಲೋಹದ ಬದಲು ಇಂಗಾಲದ ಪದಾರ್ಥವನ್ನು ಋಣಾಗ್ರವಾಗಿಟ್ಟು, 1986ರಲ್ಲಿ ತಮ್ಮ ಬ್ಯಾಟರಿಯ ಮೇಲೆ ಕಬ್ಬಿಣದ ದೊಡ್ಡ ತುಂಡೊಂದನ್ನು ಬೀಳಿಸಿ ನೋಡಿದರು. ಲೋಹದ ಲಿಥಿಯಂ ಇದ್ದ ಬ್ಯಾಟರಿ ಅದೇ ಪೆಟ್ಟಿಗೆ ಸಿಡಿದು ಉರಿಯಿತು. ಅವರದು ಜಜ್ಜಿಹೋಯಿತೇ ಹೊರತು ಹೊತ್ತಿಕೊಳ್ಳಲಿಲ್ಲ. ಈ ಹೊಸ ಬ್ಯಾಟರಿ ಹುಟ್ಟಿದ ಗಳಿಗೆ ಯಾವುದೆಂದು ಕೇಳಿದಾಗ ಯೋಶಿನೊ ಅವರು ತೋರಿಸುವುದು ಆ ಪರೀಕ್ಷೆಯನ್ನೇ. ಇತ್ತ 1989ರಲ್ಲಿ, ಕೆನಡಾದ ಮೋಲಿ ಎನರ್ಜಿ ಸಂಸ್ಥೆಯ ಲಿಥಿಯಂ ಲೋಹದ ಸೆಲ್ಲುಗಳು ಜಪಾನಿನ ಮೊಬೈಲ್ ಫೋನುಗಳಲ್ಲಿ ಬೆಂಕಿ ಹತ್ತಿಸಿ, ಅವುಗಳನ್ನೆಲ್ಲ ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. 1991ರಲ್ಲಿ ಸೋನಿ ಸಂಸ್ಥೆ ಇಂಗಾಲದ ಮಾರ್ಗವನ್ನೇ ಹಿಡಿದು ಲಿಥಿಯಂ-ಅಯಾನ್ ಸೆಲ್ಲನ್ನು ಮಾರುಕಟ್ಟೆಗೆ ತಂದಿತು. 2019ರಲ್ಲಿ ಈ ಮೂವರಿಗೂ ನೊಬೆಲ್ ಬಂದಿತು.

ಆ ಸೋನಿಯೇ 2006ರಲ್ಲಿ ತನ್ನ ಸೆಲ್ಲುಗಳಿದ್ದ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯಬೇಕಾಯಿತೆಂಬುದು ಈ ಕೆಲಸದ ಕಾಠಿಣ್ಯವನ್ನು ತಿಳಿಸುತ್ತದೆ. ಡೆಲ್ ಒಂದೇ ಸಂಸ್ಥೆ 41 ಲಕ್ಷ ಬ್ಯಾಟರಿಗಳನ್ನು ಮರಳಿ ಕರೆಯಿತು. ತಯಾರಿಕೆಯ ವೇಳೆ ಸೆಲ್ಲಿನೊಳಗೆ ಸೇರಿಹೋದ, ಕಣ್ಣಿಗೆ ಕಾಣದ ಲೋಹದ ಕಣಗಳು ಅದಕ್ಕೆ ಕಾರಣವಾಗಿದ್ದವು. ಹತ್ತು ವರ್ಷದ ತರುವಾಯ, 2016ರ ಆಗಸ್ಟಿನಲ್ಲಿ ಬಿಡುಗಡೆಯಾದ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ಫೋನಿನ ಪ್ರಸಂಗ ಇನ್ನೂ ಬೋಧಪ್ರದವಾದುದು. ಫೋನುಗಳು ಹೊತ್ತಿಕೊಂಡ ವರದಿಗಳು ಬಂದೊಡನೆ, ಸೆಪ್ಟೆಂಬರ್ 2ರಂದು ಸಂಸ್ಥೆಯು 25 ಲಕ್ಷ ಫೋನುಗಳನ್ನು ಹಿಂದಕ್ಕೆ ಕರೆದು, ಬೇರೊಬ್ಬ ತಯಾರಕನ ಬ್ಯಾಟರಿ ಹಾಕಿ ಮತ್ತೆ ಕೊಟ್ಟಿತು, ಅವೂ ಹೊತ್ತಿಕೊಂಡವು, ಅಕ್ಟೋಬರಿನಲ್ಲಿ ಆ ಫೋನನ್ನೇ ನಿಲ್ಲಿಸಲಾಯಿತು. ಆಮೇಲೆ 700 ಮಂದಿ ಇಂಜಿನಿಯರುಗಳು 2 ಲಕ್ಷ ಫೋನುಗಳನ್ನೂ 30,000 ಬಿಡಿ ಬ್ಯಾಟರಿಗಳನ್ನೂ ಪರೀಕ್ಷಿಸಿ 2017ರ ಜನವರಿಯಲ್ಲಿ ಕಂಡುಕೊಂಡುದೇನೆಂದರೆ, ಮೊದಲನೆಯವನ ಬ್ಯಾಟರಿಯಲ್ಲಿ ಬಲಬದಿಯ ಮೇಲಿನ ಮೂಲೆಯಲ್ಲಿ ಋಣಾಗ್ರದ ಹಾಳೆ ಬಾಗಿತ್ತು. ಎರಡನೆಯವನ ಬ್ಯಾಟರಿಯಲ್ಲಿ ವೆಲ್ಡಿಂಗಿನ ಚೂಪು ಉಬ್ಬುಗಳು ಒಳಗೆ ಚುಚ್ಚುತ್ತಿದ್ದವು, ಕೆಲವದರಲ್ಲಿ ಇರಬೇಕಾದ ಇನ್ಸುಲೇಷನ್ ಟೇಪೇ ಇರಲಿಲ್ಲ. ಜಗತ್ತಿನ ಅತ್ಯಂತ ಸುಸಜ್ಜಿತ ಕಾರ್ಖಾನೆಗಳಿಂದ ಬಂದ ಬ್ಯಾಟರಿಯಲ್ಲಿಯೇ ಒಂದು ಮೂಲೆಯ ಬಾಗು, ಒಂದು ತುಂಡು ಟೇಪಿನ ಅಭಾವ ಇಷ್ಟನ್ನು ಮಾಡಬಲ್ಲುದಾದರೆ, ಹಳೆಯ ಲ್ಯಾಪ್‌ಟಾಪಿನಿಂದ ಬಿಚ್ಚಿ ತೆಗೆದ ಸೆಲ್ಲುಗಳನ್ನು ಬೆಸುಗೆ ಹಾಕಿ ಕೂಡಿಸುವ ಕೈಗೆ ಎಷ್ಟು ಜಾಗರೂಕತೆ ಬೇಕೆಂಬುದನ್ನು ಹೇಳಬೇಕಾಗಿಲ್ಲ.

ಒಂದು ಸೆಲ್ಲಿನ ಕಥೆ ಹೀಗಾದರೆ, ಹಲವನ್ನು ಕೂಡಿಸಿದ ಪ್ಯಾಕಿನ ಕಥೆ ಬೇರೆಯೇ. ಮತ್ತು ನಮ್ಮ ನಾಡಿನ ಅಪಾಯವೆಲ್ಲ ಬಹುಮಟ್ಟಿಗೆ ಇಲ್ಲಿದೆ. 48 ವೋಲ್ಟಿನ ಸ್ಕೂಟರ್ ಪ್ಯಾಕಿನಲ್ಲಿ ಸಾಮಾನ್ಯವಾಗಿ 13 ಸೆಲ್ಲುಗಳು, ಅಥವಾ ಸಮಾಂತರವಾಗಿ ಕೂಡಿಸಿದ ಸೆಲ್ಲುಗಳ 13 ಗುಂಪುಗಳು, ಒಂದರ ಹಿಂದೊಂದು ಸರಣಿಯಾಗಿ ಇರುತ್ತವೆ. ಪ್ರತಿಯೊಂದೂ 4.2 ವೋಲ್ಟಿಗೆ ತುಂಬಿದಾಗ ಪ್ಯಾಕಿನ ಒಟ್ಟು ವೋಲ್ಟೇಜು 54.6. ಚಾರ್ಜರಿಗೆ ತಿಳಿಯುವುದು ಈ ಮೊತ್ತ ಮಾತ್ರ. ಈಗ ಹನ್ನೆರಡು ಗುಂಪುಗಳು 4.15ರಲ್ಲಿದ್ದು, ಶಕ್ತಿಗುಂದಿದ ಹದಿಮೂರನೆಯದು ಬೇಗಬೇಗ ತುಂಬಿ 4.8ಕ್ಕೆ ಏರಿದೆಯೆಂದು ಇಟ್ಟುಕೊಳ್ಳೋಣ. ಮೊತ್ತ ಆಗಲೂ 54.6 ತಾನೆ! ಚಾರ್ಜರಿನ ಹಸಿರು ದೀಪ ಎಲ್ಲವೂ ಕ್ಷೇಮವೆಂದು ಸಾರುತ್ತಿರುವಾಗಲೇ, ಆ ಒಂದು ಗುಂಪಿನೊಳಗೆ ಲಿಥಿಯಂ ಲೋಹ ಗ್ರಾಫೈಟಿನ ಮೇಲೆ ಕೂರತೊಡಗಿರುತ್ತದೆ. ಪ್ರತಿಯೊಂದು ಗುಂಪಿನ ವೋಲ್ಟೇಜನ್ನೂ ಬೇರೆಬೇರೆಯಾಗಿ ಅಳೆದು, ಒಂದು ಮಿತಿಮೀರಿದರೂ ಚಾರ್ಜನ್ನು ಕಡಿದುಹಾಕುವ ಬಿಎಂಎಸ್ ಎಂಬ ಸರ್ಕ್ಯೂಟಿನ ಪ್ರಾಣಪ್ರಾಯವಾದ ಕಾರ್ಯ ಇದೇ. ಕೆಲವು ನೂರು ರೂಪಾಯಿ ಉಳಿಸಲೆಂದು ಅದನ್ನು ಬಿಡುವುದೂ, ಪದೇ ಪದೇ ಕಟ್ ಆಗುತ್ತದೆಂದು ಅದನ್ನು ಬೈಪಾಸ್ ಮಾಡುವುದೂ, ಅಕ್ಷಮ್ಯವಾದ ಕೆಲಸಗಳು. ಕಟ್ ಆಗುತ್ತಿದೆಯೆಂದರೆ ಅದು ತನ್ನ ಕೆಲಸವನ್ನು ಮಾಡುತ್ತಿದೆ ಎಂದೇ ಅರ್ಥ.

ತುಮಕೂರಿನ ಕಡೆಯ ಒಂದು ಚಿಕ್ಕ ಕಾರ್ಯಾಗಾರದಲ್ಲಿ, ಪ್ಯಾಕ್ ಕಟ್ಟುವುದನ್ನೇ ಜೀವನೋಪಾಯವಾಗಿಸಿಕೊಂಡ ಯುವಕನೊಬ್ಬನನ್ನು ನೋಡಿ ನನಗೆ ಬಹಳ ಸಂತೋಷವಾಯಿತು. ಹೊಸದಾಗಿ ಬಂದ ಪ್ರತಿಯೊಂದು ಸೆಲ್ಲಿನ ವೋಲ್ಟೇಜನ್ನೂ ಒಳರೋಧವನ್ನೂ ಅಳೆದು, ಮಾರ್ಕರಿನಿಂದ ಅದರ ಮೈಮೇಲೆ ಬರೆದು, ಕೆಲವು ದಿನ ಹಾಗೆಯೇ ಬಿಟ್ಟು, ತಾನಾಗಿ ವೋಲ್ಟೇಜ್ ಇಳಿದವನ್ನು ಬೇರೆ ಡಬ್ಬಿಗೆ ಹಾಕುತ್ತಿದ್ದ. ಉಳಿದವನ್ನು ಪ್ಲಾಸ್ಟಿಕ್ ಹೋಲ್ಡರಿನಲ್ಲಿ ಒಂದಕ್ಕೊಂದು ತಾಗದಂತೆ ನಿಲ್ಲಿಸಿ, ಧನಾಗ್ರದ ಮೇಲೆ ಬಾರ್ಲಿ ಪೇಪರಿನ ಉಂಗುರ ಅಂಟಿಸಿ, ನಿಕ್ಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡಿಂಗ್ ಯಂತ್ರದಿಂದ ಕೂರಿಸಿದ. ಸಾಲ್ಡರಿಂಗ್ ಐರನ್ ಏಕೆ ಬಳಸುವುದಿಲ್ಲವೆಂದು ಕೇಳಿದಾಗ, “ಸಾರ್, ಅದರ ಕಾವು ಒಳಗಿಳಿದು ಕೂತುಬಿಡುತ್ತೆ. ಇವತ್ತು ಏನೂ ಕಾಣಲ್ಲ. ಆರು ತಿಂಗಳಾದ ಮೇಲೆ ಗಿರಾಕಿ ಮನೇಲಿ ಕಾಣುತ್ತೆ” ಎಂದ. ಇಂಥ ವಿವೇಕ ಅವನಿಗೆ ಯಾವ ತರಗತಿಯಲ್ಲಿಯೂ ದೊರೆತುದಲ್ಲ. ಕೆಲಸದ ಮೇಲಿನ ಗೌರವದಿಂದ ಬಂದುದು. ನಮ್ಮ ಐಟಿಐಗಳೂ ಪಾಲಿಟೆಕ್ನಿಕ್ಕುಗಳೂ ಇದನ್ನು ಪಾಠವಾಗಿ ಕಲಿಸತಕ್ಕ ಕಾಲ ಬಂದು ಬಹಳ ದಿನಗಳಾದುವು.

ಕಲಿಯದೆ ಹೋದರೆ ತೆರಬೇಕಾದ ಬೆಲೆಯನ್ನು ನಾವು ತೆತ್ತಿದ್ದೇವೆ. 2022ರ ಬೇಸಗೆಯಲ್ಲಿ ದೇಶದ ನಾನಾ ಕಡೆ ಎಲೆಕ್ಟ್ರಿಕ್ ಸ್ಕೂಟರುಗಳು ಹೊತ್ತಿ ಉರಿದವು. ತಮಿಳುನಾಡಿನ ವೆಲ್ಲೂರಿನಲ್ಲಿ ಚಾರ್ಜಿಗೆ ಹಾಕಿದ್ದ ಸ್ಕೂಟರಿನ ಹೊಗೆಗೆ ತಂದೆ ಮಗಳಿಬ್ಬರೂ ಬಲಿಯಾದರು. ಅದೇ ವರ್ಷದ ಸೆಪ್ಟೆಂಬರ್ 12ರಂದು ಸಿಕಂದರಾಬಾದಿನ ಹೋಟೆಲೊಂದರ ಕೆಳಗಿದ್ದ ಎಲೆಕ್ಟ್ರಿಕ್ ವಾಹನಗಳ ಮಳಿಗೆಯಲ್ಲಿ ಹೊತ್ತಿದ ಬೆಂಕಿಯ ಹೊಗೆ ಮೇಲಿನ ಕೋಣೆಗಳಿಗೆ ಏರಿ 8 ಮಂದಿ ಮಡಿದರು. 2024ರ ನವೆಂಬರ್ 19ರಂದು ಬೆಂಗಳೂರಿನ ರಾಜಾಜಿನಗರದ ಡಾ. ರಾಜ್‌ಕುಮಾರ್ ರಸ್ತೆಯ ಎಲೆಕ್ಟ್ರಿಕ್ ಸ್ಕೂಟರ್ ಮಳಿಗೆಗೆ ಬೆಂಕಿ ಬಿದ್ದು ಅಲ್ಲಿ ದುಡಿಯುತ್ತಿದ್ದ ಯುವತಿಯೊಬ್ಬಳು ಹೊರಬರಲಾಗದೆ ಪ್ರಾಣಬಿಟ್ಟಳು. ಹೊಗೆಗೆ ಹೊರದಾರಿಯೂ ಜನಕ್ಕೆ ಎರಡನೆಯ ಬಾಗಿಲೂ ಇಲ್ಲದ ಕಟ್ಟಡಗಳಲ್ಲಿ ಈ ವಾಹನಗಳನ್ನು ಕೂಡಿಡುವ ಅಭ್ಯಾಸವನ್ನು ಇನ್ನಾದರೂ ನಿಲ್ಲಿಸಬೇಕು.

ಸರ್ಕಾರ ಸುಮ್ಮನೆ ಕುಳಿತಿತೆಂದು ಹೇಳಲಾಗದು. ಎಐಎಸ್-156 ಎಂಬ ಮಾನದಂಡವನ್ನು ಬಿಗಿಗೊಳಿಸಿ, 2022ರ ಡಿಸೆಂಬರ್ 1ರಿಂದ ಒಂದು ಹಂತದಲ್ಲಿಯೂ 2023ರ ಮಾರ್ಚ್ 31ರಿಂದ ಇನ್ನೊಂದು ಹಂತದಲ್ಲಿಯೂ ಜಾರಿಗೆ ತರಲಾಯಿತು. ಸೆಲ್ಲು, ಬಿಎಂಎಸ್, ಚಾರ್ಜರುಗಳ ಪರೀಕ್ಷೆಯೊಡನೆ, ಪ್ಯಾಕಿನೊಳಗೆ ನೀರು ಹೋಗದಿರುವುದು, ಒಂದು ಸೆಲ್ಲು ಕೆಟ್ಟು ಕಾದರೆ ಸವಾರನಿಗೆ ಮುನ್ಸೂಚನೆ ದೊರೆಯುವುದು ಮೊದಲಾದುವು ಅದರಲ್ಲಿ ಸೇರಿವೆ. ನೋಂದಾಯಿತ ವಾಹನಗಳ ಮಟ್ಟಿಗೆ ಇದು ಸ್ತುತ್ಯವಾದ ಕ್ರಮ. ಆದರೆ ವಾಹನದ ಮೂಲ ಪ್ಯಾಕು ಸವೆದು, ಅದನ್ನು ಬಿಚ್ಚಿ ಊರಿನ ಅಂಗಡಿಯಲ್ಲಿ ಮತ್ತೆ ಕಟ್ಟಿಸಿಕೊಂಡಾಗ, ಆ ಹೊಸ ಪ್ಯಾಕು ಯಾವ ಪರೀಕ್ಷಕನ ಕಣ್ಣಿಗೂ ಬೀಳುವುದಿಲ್ಲ. 250 ವಾಟಿನ, ಗಂಟೆಗೆ 25 ಕಿಲೋಮೀಟರ್ ಮೀರದ ವಾಹನಗಳಿಗಂತೂ ನೋಂದಣಿಯೂ ಬೇಡ, ಚಾಲನಾ ಪರವಾನಗಿಯೂ ಬೇಡ; ಅವುಗಳ ಹೊಟ್ಟೆಯಲ್ಲಿ ಯಾರು ಕಟ್ಟಿದ ಪ್ಯಾಕಿದೆಯೆಂಬುದನ್ನು ಕೇಳುವವರೂ ಇಲ್ಲ. ಸ್ಪ್ರೇಯರಿನದೂ ಹೀಗೆಯೇ. ಹಂಗಾಮು ಮುಗಿದ ಮೇಲೆ ಅದನ್ನು ತಿಂಗಳಾನುಗಟ್ಟಲೆ ತಗಡಿನ ಶೆಡ್ಡಿನಲ್ಲಿ ಎಸೆದಿರುತ್ತೇವೆ. ಲಿಥಿಯಂ ಸೆಲ್ಲಿನ ವೋಲ್ಟೇಜು ಕನಿಷ್ಠ ಮಿತಿಗಿಂತ ಬಹಳ ಕೆಳಗೆ ಕುಸಿದರೆ ಒಳಗಿನ ತಾಮ್ರ ಕರಗತೊಡಗಿ, ಮತ್ತೆ ಚಾರ್ಜ್ ಮಾಡಿದಾಗ ಅಲ್ಲಲ್ಲಿ ಗಟ್ಟಿಯಾಗಿ ಕೂತು ಶಾರ್ಟ್ ಆಗಲು ಎಡೆಮಾಡುತ್ತದೆ. ಸತ್ತ ಸೆಲ್ಲಿಗೆ ಹೊರಗಿನಿಂದ ಜಂಪ್ ಕೊಟ್ಟು ಎಬ್ಬಿಸುವ ರಿಪೇರಿ ಇಂಥ ಸೆಲ್ಲನ್ನೇ ಮರಳಿ ಬಳಕೆಗೆ ತರುತ್ತದೆ. ಇನ್ನು ಬಹುಪಾಲು ಸೆಲ್ಲುಗಳನ್ನು 45 ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ ಚಾರ್ಜ್ ಮಾಡಕೂಡದೆಂಬ ನಿಯಮವಿದ್ದು, ರಾಯಚೂರು, ಕಲಬುರಗಿಗಳ ಮೇ ತಿಂಗಳ ಮಧ್ಯಾಹ್ನದಲ್ಲಿ ತಗಡಿನ ಮಾಡಿನ ಕೆಳಗೆ ಆ ಮಿತಿ ಸುಲಭವಾಗಿ ದಾಟಿಹೋಗುತ್ತದೆ.

ರಸಾಯನದ ಆಯ್ಕೆಯಿಂದಲೂ ಅಪಾಯವನ್ನು ಬಹಳವಾಗಿ ತಗ್ಗಿಸಬಹುದು. ಲಿಥಿಯಂ ಐರನ್ ಫಾಸ್ಫೇಟ್, ಎಂದರೆ ಅಂಗಡಿಯವರು ಎಲ್‌ಎಫ್‌ಪಿ ಎನ್ನುವ ಸೆಲ್ಲಿನಲ್ಲಿ, ಆಮ್ಲಜನಕವು ರಂಜಕದೊಡನೆ ಬಿಗಿಯಾಗಿ ಬಂಧಿತವಾಗಿರುವುದರಿಂದ ಬಿಸಿಗೆ ಅಷ್ಟು ಸುಲಭವಾಗಿ ಬಿಟ್ಟುಬರದು. ಈ ಪದಾರ್ಥವನ್ನು ಲೋಕಕ್ಕೆ ಪರಿಚಯಿಸಿದ 1997ರ ಪ್ರಬಂಧದಲ್ಲಿ ಗುಡ್‌ಇನಫ್ ಅವರೊಡನೆ ಎ.ಕೆ. ಪಾಢಿ, ಕೆ.ಎಸ್. ನಂಜುಂಡಸ್ವಾಮಿ ಎಂಬ ಭಾರತೀಯ ಹೆಸರುಗಳಿರುವುದನ್ನು, ಅದರಲ್ಲಿಯೂ ಎರಡನೆಯದನ್ನು, ಕಂಡು ಕನ್ನಡಿಗನ ಕಣ್ಣು ಒಂದು ಕ್ಷಣ ನಿಲ್ಲುವುದು ಸಹಜ. ಅದೇ ತೂಕಕ್ಕೆ ಎಲ್‌ಎಫ್‌ಪಿ ಕೊಡುವ ಶಕ್ತಿ ಕಡಮೆ. ಮನೆಯ ಇನ್ವರ್ಟರಿಗೂ ಬೀದಿಯ ಸೌರದೀಪಕ್ಕೂ ತೂಕದ ಚಿಂತೆಯೇ ಇಲ್ಲದಿರುವಾಗ ಅಲ್ಲಿ ಬೇರೆ ಸೆಲ್ಲನ್ನು ಹಾಕುವುದಕ್ಕೆ ನನಗೆ ಯಾವ ಸಮರ್ಥನೆಯೂ ಕಾಣುವುದಿಲ್ಲ. ಹಾಗೆಂದು ಎಲ್‌ಎಫ್‌ಪಿಗೆ ಬಿಎಂಎಸ್ ಬೇಡವೆಂದಲ್ಲ. ಅದರ ಚಾರ್ಜ್ ಮಿತಿ 3.65 ವೋಲ್ಟ್ ಆಗಿರುವುದರಿಂದ ಒಂದರ ಚಾರ್ಜರನ್ನು ಇನ್ನೊಂದಕ್ಕೆ ಹಾಕುವುದು ದೊಡ್ಡ ತಪ್ಪು.

ನಕಲಿ ಸೆಲ್ಲಿನ ಮಾತನ್ನು ಎರಡೇ ವಾಕ್ಯದಲ್ಲಿ ಮುಗಿಸಬಹುದು. ಒಳ್ಳೆಯ 18650 ಸೆಲ್ಲೊಂದರ ಸಾಮರ್ಥ್ಯ ಇಂದಿಗೂ 3,500 ಮಿಲಿಆಂಪಿಯರ್-ಗಂಟೆಯ ಆಸುಪಾಸಿನಲ್ಲಿಯೇ ಇದೆ. 9,900 ಎಂದು ಮೈಮೇಲೆ ಅಚ್ಚೊತ್ತಿಕೊಂಡು ಬರುವುದು, ಎಷ್ಟೇ ಅಗ್ಗವಾಗಿದ್ದರೂ, ಸುಳ್ಳು ಹೇಳುತ್ತಿದೆ.

ಬಿಡಿ ಸೆಲ್ಲಿನ ಮಾರಾಟವನ್ನು ಪೂರ್ತಿ ನಿಷೇಧಿಸಬೇಕೆಂದು ನಾನು ಕೇಳುತ್ತಿಲ್ಲ. ಹಾಗೆ ಮಾಡಿದರೆ ತುಮಕೂರಿನ ಆ ಯುವಕನಂಥವರ ಅನ್ನಕ್ಕೇ ಸಂಚಕಾರ ಬಂದೀತು. ಪ್ಯಾಕ್ ಕಟ್ಟುವವರಿಗೆ ತರಬೇತಿ ಕೊಟ್ಟು ಪರವಾನಗಿ ನೀಡಲಿ, ಅಂಥವರಿಗೆ ಮಾತ್ರ ಬಿಡಿ ಸೆಲ್ಲು ದೊರೆಯುವಂತಾಗಲಿ, ಕಟ್ಟಿದ ಪ್ರತಿಯೊಂದು ಪ್ಯಾಕಿನ ಮೇಲೂ ಕಟ್ಟಿದವನ ಹೆಸರೂ ತಾರೀಕೂ ಇರಲಿ ಎಂಬುದು ನನ್ನ ಆಗ್ರಹ. ಓದುಗರೂ ತಮ್ಮ ಪಾಲಿನದನ್ನು ಮಾಡಬೇಕು. ಪವರ್ ಬ್ಯಾಂಕು ಕೊಳ್ಳುವಾಗ ಭಾರತೀಯ ಮಾನಕ ಬ್ಯೂರೋದ ಗುರುತನ್ನೂ ‘ಆರ್’ ಅಕ್ಷರದಿಂದ ತೊಡಗುವ ನೋಂದಣಿ ಸಂಖ್ಯೆಯನ್ನೂ ಹುಡುಕಿರಿ. ಆ ಸಂಖ್ಯೆ ನಿಜವೋ ಅಲ್ಲವೋ ಎಂಬುದನ್ನು ಬ್ಯೂರೋದ ಬಿಐಎಸ್ ಕೇರ್ ಆ್ಯಪಿನಲ್ಲಿ ನೋಡಬಹುದು. ಉಬ್ಬಿದ ಬ್ಯಾಟರಿಯನ್ನು ಚುಚ್ಚಬೇಡಿ, ಒತ್ತಬೇಡಿ, ಇನ್ನೊಂದು ಸಲ ಚಾರ್ಜಿಗೆ ಹಾಕಬೇಡಿ. ಮನೆಯ ಹೊರಗೆ, ಸುಡುವ ವಸ್ತು ಯಾವುದೂ ಇಲ್ಲದೆಡೆ ಇಟ್ಟು, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿರಿ, ಕಸದ ಗಾಡಿಗೆ ಅಲ್ಲ. ಸ್ಕೂಟರನ್ನು ಮಲಗುವ ಕೋಣೆಯಲ್ಲಿಯೂ, ಮನೆಯಿಂದ ಹೊರಬರುವ ಏಕೈಕ ಬಾಗಿಲಿನ ಮುಂದೆಯೂ ರಾತ್ರಿಯಿಡೀ ಚಾರ್ಜಿಗೆ ಹಾಕಬೇಡಿ. ಹಳೆಯ ಪ್ಯಾಕನ್ನು ಮತ್ತೆ ಕಟ್ಟಿಸುವಿರಾದರೆ ಕಟ್ಟುವವನನ್ನು ಎರಡು ಪ್ರಶ್ನೆ ಕೇಳಿರಿ: ಸೆಲ್ಲು ಯಾರು ತಯಾರಿಸಿದ್ದು, ಹೊಸದೋ ಹಳೆಯದೋ? ಪ್ರತಿಯೊಂದು ಗುಂಪಿನ ವೋಲ್ಟೇಜನ್ನೂ ನೋಡುವ ಬಿಎಂಎಸ್ ಹಾಕುತ್ತೀಯೋ ಇಲ್ಲವೋ? ಎರಡರ ಉತ್ತರವನ್ನೂ ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿರಿ.